ಹೊಸ್ತಿಲ ಮಾತು

ನಮ್ಮೂರಿನಲ್ಲಿ ಹೆಣ್ಣು ನೋಡಲು ಹೊರಟವರು ಮೊದಲು ಹೋಗುವುದು ಹುಡುಗಿಯ ಮನೆಗಲ್ಲ, ಕಲ್ಲಹಿತ್ತಲಿಗೆ. ಊರಿನ ಪಡುವಣ ಅಂಚಿನಲ್ಲಿ, ಬಿದ್ದ ಕೋಟೆಗೋಡೆಯ ಆಚೆ, ನಮ್ಮ ಹಿರಿಯರೆಲ್ಲ ಮಲಗಿರುವ ಜಾಗವದು. ಅದಕ್ಕೆ ಸ್ಮಶಾನ ಎಂದು ಯಾರೂ ಅನ್ನುವುದಿಲ್ಲ. ಒಂದೊಂದು ಮನೆತನಕ್ಕೂ ಅಲ್ಲಿ ಒಂದೊಂದು ಮೂಲದ ಕಲ್ಲು ಇದೆ. ಆ ಮನೆ ಕಟ್ಟಿದ ಹಿರಿಯರ ಹೆಸರನ್ನು ಅದರ ಮೇಲೆ ಕೊರೆದಿರುತ್ತಾರೆ. ಕಲ್ಲಿನ ಮೇಲಿನ ಹೆಸರಿನಲ್ಲಿ ಯಾವ ಅಕ್ಷರ ಮಾಸುತ್ತದೋ ಆ ಅಕ್ಷರ ಆ ಮನೆಯವರ ಬಾಯಿಂದಲೂ ಹೋಗುತ್ತದೆ. ಹಾಗಾಗಿ ಬೀಗರಾಗುವವರು ಮೊದಲು ಕಲ್ಲು ನೋಡಿ, ಏನು ಉಳಿದಿದೆ ಏನು ಹೋಗಿದೆ ಎಂದು ತಿಳಿದುಕೊಂಡು, ಆಮೇಲೆ ಅವಲಕ್ಕಿ ತಿನ್ನಲು ಹುಡುಗಿಯ ಮನೆಗೆ ಬರುತ್ತಾರೆ.

ಇದರಿಂದ ಊರೇನೂ ನಿಂತುಹೋಗಿಲ್ಲ. ಕಂಠೆಪ್ಪನ ಮನೆತನದವರಿಗೆ ಠ ಹೋಗಿ ಎಷ್ಟು ಕಾಲವಾಯಿತೋ ಅವರಿಗೇ ಗೊತ್ತಿರಲಿಲ್ಲ. ದಿನಬೆಳಗಾದರೆ ಠ ಯಾರಿಗೆ ಬೇಕು ಹೇಳಿ. ಬ ಹೋದ ಮನೆಯವರು ಬಾ ಎನ್ನಲಾಗದೆ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಾರೆ, ಈಗ ಆ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ನಮ್ಮ ಮೂಲದ ಕಲ್ಲಿನ ಹೆಸರು ಮೇಘಪ್ಪ. ಘ ನನ್ನ ತಾತನ ಕಾಲಕ್ಕೇ ಸವೆದು ಹೋಯಿತು. ಬರೆಯಲು ಬರುತ್ತದೆ, ಕೈಗೆ ಕಲ್ಲಿನ ಹಂಗಿಲ್ಲ. ಬಾಯಿಬಿಟ್ಟರೆ ಮಾತ್ರ ಸಂಘ ಹೋಗಿ ಸಂಗ ಆಗುತ್ತದೆ. ಅಂಥ ನನ್ನನ್ನೇ ಹುಡುಕಿ ಕಲ್ಲಹಿತ್ತಲ ರಕ್ಷಣಾ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದರು. ಮಾಡಿದವರಿಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ.

ನಾನು ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಗಿರಣಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಗಿರಾಕಿಯ ತುಟಿ ನೋಡಿಯೇ ಜೋಳವೋ ಗೋಧಿಯೋ, ಸಣ್ಣಗೋ ದಪ್ಪಗೋ ಎಂದು ತಿಳಿದುಕೊಳ್ಳುವುದು ನನಗೆ ರೂಢಿ. ಊರಲ್ಲಿ ಯಾರ ಬಾಯಲ್ಲಿ ಏನು ಇಲ್ಲ ಎಂಬುದು ನನಗೆ ಗೊತ್ತಿರುವಷ್ಟು ಅವರ ಹೆಂಡಂದಿರಿಗೂ ಗೊತ್ತಿಲ್ಲ.

ಕೆರೆಯ ಕಡೆ ಮಣ್ಣು ಮಾಡಲು ಹೊಸ ಜಾಗ ಆದ ಮೇಲೆ ಕಲ್ಲಹಿತ್ತಲಿಗೆ ಹೋಗುವವರು ಕಡಿಮೆಯಾಗಿ, ಲಂಟಾನ ಆಳೆತ್ತರ ಬೆಳೆದು, ಅರ್ಧ ಕಲ್ಲುಗಳು ಮಗುಚಿ ಬಿದ್ದಿದ್ದವು. ಊರಿನ ಮಾತು ದಿನದಿನಕ್ಕೆ ಸೊರಗುತ್ತಿತ್ತು. ಆಗ ಹುಟ್ಟಿದ್ದು ನಮ್ಮ ಸಂಘ. ಮೂರೇ ತಿಂಗಳಿಗೆ, ನಮ್ಮ ಮೇಲಿನ ಹಟಕ್ಕೆ, ಪರಂಪರೆ ಅಭಿಮಾನಿ ಬಳಗವೂ ಹುಟ್ಟಿತು. ನಮ್ಮದು ಬ್ರಷ್ಷಿನ ಸಂಘ, ಅವರದು ಬಣ್ಣದ ಬಳಗ. ನಮ್ಮ ಕಟ್ಟಳೆ ಇಷ್ಟೇ: ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ. ತಂತಿ ಬ್ರಷ್ಷು ಮುಟ್ಟಿಸಬಾರದು, ಹೊಸದಾಗಿ ಒಂದು ಗೆರೆಯನ್ನೂ ಕೊರೆಯಬಾರದು. ಕಲ್ಲಿಗೆ ಬಾಯಿ ತೊಳೆಸುವುದು ಎಂದು ಈ ಕೆಲಸಕ್ಕೆ ನಾವೇ ಹೆಸರಿಟ್ಟೆವು. ಸವೆದದ್ದು ಸವೆದೇ ಹೋಗಿರುತ್ತದೆ, ನನ್ನ ಘದ ಹಾಗೆ. ಆದರೆ ಎಷ್ಟೋ ಅಕ್ಷರಗಳು ಪಾಚಿಯ ಕೆಳಗೆ, ಮಣ್ಣಿನ ಕೆಳಗೆ ಸುಮ್ಮನೆ ಮುಖ ಮುಚ್ಚಿಕೊಂಡು ಕೂತಿರುತ್ತವೆ.

ಮೊದಲು ನಾವು ಬಾಯಿ ತೊಳೆಸಿದ್ದು ಮೂಲೆಮನೆ ಶೆಟ್ಟರ ಕಲ್ಲಿಗೆ. ಅವರಿಗೆ ಲ ಇರಲಿಲ್ಲ. ಲ ಇಲ್ಲದವನು ಇಲ್ಲ ಎನ್ನಲಾರ, ಒಲ್ಲೆ ಎನ್ನಲಾರ. ಹಾಗಾಗಿ ಊರಲ್ಲಿ ಏಣಿ ಬೇಕಾದವರು, ಹಂಡೆ ಬೇಕಾದವರು, ಎತ್ತು ಬೇಕಾದವರು ಎಲ್ಲರೂ ಶೆಟ್ಟರ ಮನೆಗೇ ಹೋಗುತ್ತಿದ್ದರು, ಶೆಟ್ಟರು ದಾನಶೂರ ಎಂದು ಹೆಸರಾಗಿದ್ದರು. ಪಾಚಿ ತೆಗೆದ ಮರುದಿನ ಶೆಟ್ಟರು ಬೆಳಗಿನಿಂದ ಸಂಜೆಯವರೆಗೆ ಬೀದಿಗೆಲ್ಲ ಇಲ್ಲ ಎನ್ನುತ್ತ ಓಡಾಡಿದರು. ಊಟ ಆಯಿತೇ ಎಂದರೂ ಇಲ್ಲ, ಹಸಿವಿದೆಯೇ ಎಂದರೂ ಇಲ್ಲ. ಅದಕ್ಕೂ ಮರುದಿನ ನಾವು ಎತ್ತರದ ಕಲ್ಲೊಂದಕ್ಕೆ ಏಣಿ ಕೇಳಲು ಹೋದೆವು. "ಇಲ್ಲ" ಎಂದರು ಶೆಟ್ಟರು, ಬೆಲ್ಲ ತಿಂದವರ ಹಾಗೆ ಬಾಯಿ ಚಪ್ಪರಿಸುತ್ತ. ಉಪಕಾರ ಮಾಡಿ ಏಣಿ ಕಳೆದುಕೊಂಡೆವು.

ಈ ಗಲಾಟೆಯ ನಡುವೆ ಒಂದು ಭಾನುವಾರ ಸುಗಲಾ ಕೈಯಲ್ಲಿ ಬಕೆಟ್ಟು ಹಿಡಿದು ಬಂದಳು. ಗಿರಣಿಯ ಎದುರು ಮನೆಯ ದ್ಯಾಮಕ್ಕನ ಸೊಸೆ. ಸೊಸೆ ಎಂದು ನಾನು ಅನ್ನುತ್ತೇನೆ. ಲೆಕ್ಕಕ್ಕೆ ಹಿಡಿದರೆ ಅವಳು ಆ ಮನೆಗೆ ಅತಿಥಿ. ಅದನ್ನು ಹೇಳಬೇಕಾದರೆ ಹೊಸ್ತಿಲ ಮಾತಿನ ವಿಷಯ ಹೇಳಬೇಕು.

ನಮ್ಮೂರಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಯಾರೂ ಮನೆಯವರಾಗುವುದಿಲ್ಲ. ಮನೆಯ ಹಿರಿಯರು ಹೊಸ್ತಿಲ ಒಳಗೆ ನಿಂತು, ಹೊರಗೆ ನಿಂತವರ ಮುಖ ನೋಡಿ, 'ಇದು ನಮ್ಮ ಮನೆ, ಒಳಗೆ ಬಾ' ಎನ್ನಬೇಕು. ಅಂದಮೇಲೇ ಬಂದವರು ಆ ಮನೆಯವರು. ಬಾಯಿಯೂ ಆ ಮನೆಯ ಕಲ್ಲಿನ ಲೆಕ್ಕಕ್ಕೆ ಸೇರುತ್ತದೆ, ಮುಂದೆ ಮಣ್ಣಿಗೆ ಹೋಗುವಾಗ ಜಾಗವೂ ಅವರ ಸಾಲಿನಲ್ಲೇ ಸಿಗುತ್ತದೆ. ದ್ಯಾಮಕ್ಕನ ಮನೆತನದ ಮೂಲದ ಕಲ್ಲು ಭೀಮವ್ವ ಎಂಬವಳದು. ಆ ಕಲ್ಲಿನ ಮೇಲಿನ ಮ ತನ್ನ ಬಲಗಡೆಯ ಬಾಲ ಕಳೆದುಕೊಂಡು ವ ಆಗಿತ್ತು. ಭೀವವ್ವ. ಅಂದಿನಿಂದ ಆ ಮನೆಯವರ ಬಾಯಲ್ಲಿ ಮ ಎಲ್ಲ ವ. ಮಳೆ ವಳೆಯಾಯಿತು, ಮೊಸರು ವೊಸರಾಯಿತು, ದ್ಯಾಮಕ್ಕ ತನ್ನ ಹೆಸರನ್ನು ತಾನೇ ದ್ಯಾವಕ್ಕ ಎಂದು ಹೇಳಿಕೊಳ್ಳತೊಡಗಿದಳು. ಬದುಕು ನಡೆದೇ ಇತ್ತು. ಸುಗಲಾ ಮದುವೆಯಾಗಿ ಬಂದ ದಿನ ದ್ಯಾಮಕ್ಕ ಹೊಸ್ತಿಲಲ್ಲಿ ನಿಂತು, ಉಸಿರು ಕಟ್ಟಿ, "ಇದು ನವ್ವ ವನಿ, ಒಳಗ ಬಾ" ಎಂದಳು. ನೆರೆದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ್ತಿಲಿಗೆ ಕಿವಿ ಇದೆ ಎನ್ನುವ ಊರು ನಮ್ಮದು. ನವ್ವ ಎಂದರೆ ಅದಕ್ಕೆ ಏನು ತಿಳಿಯಬೇಕು?

ಹೀಗೆ ಸುಗಲಾ ಹತ್ತು ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಅತಿಥಿಯಾಗಿ ಇದ್ದಾಳೆ. ಅವಳಿಗೆ ಬೇರೆ ಚಾಪೆ, ಬೇರೆ ತಾಟು, ಮೊದಲ ಬಡಿಸುವಿಕೆ, ಬಿಸಿನೀರಿನ ಮೊದಲ ತಂಬಿಗೆ. ಅತಿಥಿಯ ಕೈಯಲ್ಲಿ ಕೆಲಸ ಮಾಡಿಸಿದರೆ ಮನೆಗೆ ಏಳಿಗೆಯಿಲ್ಲವೆಂದು ಕಸಬರಿಗೆ ಮುಟ್ಟಲು ಬಿಡುವುದಿಲ್ಲ, ಮುಸುರೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. ದ್ಯಾಮಕ್ಕ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ, "ಸುಗಲಾವ್ರ, ಏಳ್ರಿ, ಉಣ್ಣಾಕ ಬರ್ರಿ" ಎಂದು. ಗಂಡ ಬಸಲಿಂಗನೂ ರೀ ಎಂದೇ ಕರೆಯುತ್ತಾನೆ. ಒಬ್ಬ ಮಗಳಿದ್ದಾಳೆ. ಮಗಳು ಮನೆಯವಳು, ಹಡೆದವಳು ಮಾತ್ರ ಅತಿಥಿ. ಬೀದಿಯ ಹೆಂಗಸರಿಗೆಲ್ಲ ಸುಗಲಾಳನ್ನು ಕಂಡರೆ ಹೊಟ್ಟೆಕಿಚ್ಚು. ನಮ್ಮ ಅತ್ತೆಯ ಬಾಯಿಂದಲೂ ಒಂದು ಅಕ್ಷರ ಹೋಗಬಾರದಿತ್ತೇ ಎಂದು ನನ್ನ ಹೆಂಡತಿಯೇ ಎಷ್ಟೋ ಸಲ ಅಂದಿದ್ದಾಳೆ.

ಅವಳು ಬಕೆಟ್ಟು ಹಿಡಿದು ಬಂದ ದಿನ ನಾನೂ ಅದನ್ನೇ ಹೇಳಿದೆ. "ಅಲ್ಲವ್ವಾ ಸುಗಲಾ, ಕುಂತಲ್ಲೇ ಊಟ, ಕುಂತಲ್ಲೇ ನೀರು. ರಾಣಿ ಇದ್ದಂಗ ಇದ್ದೀ. ಇಲ್ಲಿ ಬಂದು ಯಾಕ ಮೊಣಕಾಲು ತೇಯ್ಕೊಂತೀ?"

ಅವಳು ಬಕೆಟ್ಟು ಕೆಳಗಿಟ್ಟಳು. "ಅಣ್ಣಾರ, ಉಂಡ ತಾಟು ತೊಳಿಯಾಕ ಬಿಡದ ಮನ್ಯಾಗ ಉಂಡ ಅನ್ನ ಮೈಗೆ ಹತ್ತೂದಿಲ್ರಿ."

ಬಕೆಟ್ಟಿನ ಪಕ್ಕ ಕೂತು ಮತ್ತೆ ಹೇಳಿದಳು. "ನನ್ನ ತವರೂರು ಅಣೆಕಟ್ಟಿನ ನೀರಾಗ ಮುಳುಗಿ ಹೋಗೇತಿ. ಅಲ್ಲಿ ಜಾಗ ಇಲ್ಲ, ಇಲ್ಲಿ ಅತಿಥಿಗೆ ಜಾಗ ಕೊಡೂದಿಲ್ಲ. ನಾಳೆ ನನ್ನ ಮಗಳು ಹಿರಿಯರ ಹಬ್ಬದಾಗ ಎಡಿ ಯಾವ ಕಲ್ಲಿನ ಮುಂದ ಇಡಬೇಕ್ರಿ?"

ಅವಳ ಕೈಗೆ ಒಂದು ಬ್ರಷ್ಷು ಕೊಟ್ಟೆ. ಅವಳ ಸಂಕಟ ಆಗ ನನಗೆ ಮೊದಲ ಸಲ ತಟ್ಟಿತು. ನಮ್ಮ ಮನೆ ಎನ್ನುವ ಹಕ್ಕು ಇದ್ದ ಅತ್ತೆಗೆ ಅಕ್ಷರವಿರಲಿಲ್ಲ, ಅಕ್ಷರವಿದ್ದ ಸೊಸೆಗೆ ಹಕ್ಕಿರಲಿಲ್ಲ. ದ್ಯಾಮಕ್ಕನಿಗೆ ವಯಸ್ಸಾಗಿತ್ತು, ಕೆಮ್ಮು ಬೇರೆ. ಅವಳ ನಂತರ ಹಿರಿಯನಾಗುವ ಬಸಲಿಂಗನ ಬಾಯಲ್ಲೂ ಅದೇ ವ.

ಸುಗಲಾಳಿಗೆ ಆ ಕೆಲಸ ಒಗ್ಗಿತು. ಮನೆಯಲ್ಲಿ ಹುಲ್ಲುಕಡ್ಡಿ ಎತ್ತಲು ಬಿಡದವರ ಮೇಲಿನ ಸಿಟ್ಟನ್ನೆಲ್ಲ ಲಂಟಾನದ ಮೇಲೆ ತೀರಿಸಿಕೊಂಡಳು. ಮಗುಚಿ ಬಿದ್ದ ಕಲ್ಲಿಗೆ ಹಾರೆ ಹಾಕಿ, ಕೆಳಗೆ ಮರದ ತುಂಡು ಕೊಟ್ಟು, ಹೂ ಎತ್ತಿದ ಹಾಗೆ ಎತ್ತಿಸುತ್ತಿದ್ದಳು. ನೀರು ಸುರಿದು ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಿದ್ದಳು. ಅವಳ ದೆಸೆಯಿಂದ ಒಂದು ಮನೆಗೆ ಟ ಬಂತು, ಒಂದು ಮನೆಗೆ ಜ ಬಂತು. ಜ ಬಂದವರು ಖುಷಿಯಿಂದ ಪೇಟೆಯಲ್ಲಿ ಬೇಡದ ಜಿಲೇಬಿಯನ್ನೂ ಕೇಳಿ ಕೇಳಿ ಕೊಂಡುಕೊಂಡರು. ಸಂಘದವರೆಲ್ಲ ಕೆಲಸ ಮುಗಿಸಿ ಬೇವಿನ ಕೆಳಗೆ ಕೂತು ಚುರುಮುರಿ ತಿನ್ನುವ ಹೊತ್ತು ನನಗೆ ವಾರದಲ್ಲೇ ಪ್ರೀತಿಯ ಹೊತ್ತಾಯಿತು.

ಒಂದು ದಿನ ಅವಳು ನನ್ನನ್ನು ಕರೆದು ಮಣ್ಣಿನಿಂದ ಆಗಷ್ಟೇ ಎತ್ತಿದ ಕಲ್ಲು ತೋರಿಸಿದಳು. "ನೋಡ್ರಿ ಅಣ್ಣಾರ, ಯಾರೂ ತಿರುಗಿ ನೋಡದ ಕಲ್ಲು. ಅಕ್ಷರ ಹೆಂಗ ನಿನ್ನೆ ಕೊರದಂಗ ಅದಾವ. ನಮ್ಮ..." ಎಂದವಳು ತಡೆದು, "ಅವ್ರ ಮನಿ ಕಲ್ಲಿಗೆ ವರ್ಷಾ ಹಬ್ಬಕ್ಕ ತಪ್ಪದ ಸುಣ್ಣ ಬಳೀತಾರ. ಅದ ಹೆಂಗ ಸವದೀತು?" ಎಂದಳು.

ನಾನು ಭೀಮವ್ವನ ಕಲ್ಲಿನ ಕಡೆ ನೋಡಿದೆ. ಅದು ಇಡೀ ಹಿತ್ತಲಲ್ಲೇ ಬೆಳ್ಳಗೆ, ಮದುಮಗನ ಧೋತರದ ಹಾಗೆ ನಿಂತಿತ್ತು. ಇದಕ್ಕೇನೂ ಮಾಡಬೇಕಾಗಿಲ್ಲ ಎಂದು ಸಂಘ ಅದನ್ನು ಮೊದಲ ದಿನವೇ ಬಿಟ್ಟಿತ್ತು. ಬೆಳ್ಳಗಿರುವುದೆಲ್ಲ ಚೆನ್ನಾಗಿದೆ ಎಂದುಕೊಳ್ಳುವ ದಡ್ಡತನ ಎಲ್ಲ ಸಂಘಗಳಿಗೂ ಇರುತ್ತದೆ. ಹತ್ತಿರ ಹೋಗಿ ಅಂಚಿನಲ್ಲಿ ಕಡ್ಡಿ ಆಡಿಸಿದೆ. ಸುಣ್ಣ ಬೆರಳಿನಷ್ಟು ದಪ್ಪ ಇತ್ತು, ಈರುಳ್ಳಿಯ ಹಾಗೆ ಪದರ ಪದರ. ಸವೆದದ್ದಲ್ಲ, ತುಂಬಿದ್ದು. ದೊಡ್ಡ ಗೆರೆಗಳೆಲ್ಲ ಉಳಿದು, ಮ ಅಕ್ಷರದ ಬಾಲದ ಸಣ್ಣ ಗೆರೆ ಮಾತ್ರ ಭಕ್ತಿಯಲ್ಲಿ ಮುಚ್ಚಿಹೋಗಿತ್ತು. ಅತಿಥಿಯಾದ್ದರಿಂದ ಸುಗಲಾಳಿಗೆ ಆ ಕಲ್ಲಿಗೆ ಸುಣ್ಣ ಬಳಿಯಲು ಯಾರೂ ಬಿಟ್ಟಿರಲಿಲ್ಲ. ದೂರ ನಿಂತು ನೋಡಿದ್ದವಳಿಗೇ ಅದು ಹೊಳೆಯಿತು.

ಅಂದೇ ಸಂಜೆ ದ್ಯಾಮಕ್ಕನ ಹತ್ತಿರ ಹೋಗಿ ಹೇಳಿದೆ. ಅವಳು ಒಪ್ಪುತ್ತಾಳೆಂದೇ ನಂಬಿದ್ದೆ. ಅವಳು ಎಲೆ ಮಡಿಚುವುದನ್ನು ನಿಲ್ಲಿಸಿದಳು.

"ಬ್ಯಾಡ ತವ್ವಾ. ಆ ಸುಣ್ಣದಾಗ ನವ್ವ ಯಜವಾನ್ರ ಕೈ ಐತಿ. ಇರೂತನಕ ಅವ್ರ ಬಳದದ್ದು. ಅವ್ರದಂತ ನನಗ ಉಳದದ್ದು ಅದೊಂದ."

"ಅಕ್ಕಾ, ಸುಗಲಾನ ಹಾದಿ ನೋಡಬೇಕಲ್ಲ."

ದ್ಯಾಮಕ್ಕ ಪಡಸಾಲೆಯ ಕಡೆ ನೋಡಿದಳು. ಸುಗಲಾ ತನ್ನ ಚಾಪೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಅವ್ರಿಗೆ ಇಲ್ಲಿ ಏನ ಕಡಿವಿ ವಾಡೇವಿ?" ಎಂದಳು ದ್ಯಾಮಕ್ಕ. ಏನು ಕಡಿಮೆ ಮಾಡಿದ್ದಾರೆ ಎಂಬುದಕ್ಕೆ ಸುಗಲಾ ಏನು ಹೇಳಬೇಕು? ತಾಟಿನಲ್ಲಿ ತುಪ್ಪ ಇತ್ತು. ಕಣ್ಣಲ್ಲಿ ನೀರು ತಂದುಕೊಂಡು ಎದ್ದು ಹಿತ್ತಲಿಗೆ ಹೋದಳು, ಅಲ್ಲಿ ಮುಸುರೆ ಕಂಡು ವಾಪಸು ಬಂದಳು.

ಮನೆಯವರು ಬೇಡವೆಂದ ಕಲ್ಲನ್ನು ಸಂಘ ಮುಟ್ಟುವ ಹಾಗಿಲ್ಲ. ನಾನು ಕೈಕಟ್ಟಿ ಕೂತೆ. ಬಣ್ಣದ ಬಳಗ ಕೂರಲಿಲ್ಲ.

ಬಳಗದ ಮುಂದಾಳು ರುದ್ರೇಶಿ, ಲಾರಿಗೂ ಅಂಗಡಿಗೂ ಬೋರ್ಡು ಬರೆಯುವವನು. ದಕ್ಷಿಣದ ಸೀಮೆಯಿಂದ ಬಂದು ನಿಂತವನು, ಒಳ್ಳೆಯವನು, ಕೇಳಿ ಮಾಡುವ ಗುಣವೊಂದು ಇಲ್ಲ. ಹಿರಿಯರ ಹಬ್ಬಕ್ಕೆ ದ್ಯಾಮಕ್ಕನಿಗೆ ಖುಷಿ ಕೊಡೋಣವೆಂದು, ಹಬ್ಬದ ಹಿಂದಿನ ದಿನ ಭೀಮವ್ವನ ಕಲ್ಲಿನ ಅಕ್ಷರಗಳಿಗೆ ಕಡುಗೆಂಪು ಎಣ್ಣೆಬಣ್ಣ ತುಂಬಿದ. ಭೀವವ್ವ ಎಂದು ಓದಿದ. ಇದರಲ್ಲಿ ಎಲ್ಲೋ ಒಂದು ಮ ಇರಬೇಕು ಎಂಬುದು ಅವನಿಗೂ ಗೊತ್ತಿತ್ತು. ಅವನ ಕಡೆ ಹೆಂಗಸರ ಹೆಸರೆಲ್ಲ ಅಮ್ಮ ಎಂದೇ ಮುಗಿಯುತ್ತವೆ, ನಮ್ಮ ಕಡೆಯ ಹಾಗೆ ಅವ್ವ ಎಂದಲ್ಲ. ಕೊನೆಯ ಅಕ್ಷರಕ್ಕೆ ಮೇಲೊಂದು ಬಾಲ, ಕೆಳಗಿನ ಒತ್ತಿಗೊಂದು ಬಾಲ ಎಳೆದು, ಭೀವಮ್ಮ ಎಂದು ಮಾಡಿ ಮನೆಗೆ ಹೋದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ.

ಮರುದಿನ ಬೆಳಿಗ್ಗೆ ಎದುರು ಮನ್ಯಾಗ ಎಂಥದೋ ಗದ್ದಲ ಎಂದು ನನ್ನ ಹೆಂಡತಿ ನನ್ನನ್ನು ಎಬ್ಬಿಸಿದಳು. ಬಸಲಿಂಗ ಎದ್ದವನೇ ತಾಯಿಯನ್ನು "ಅಮ್ಮಾ" ಎಂದು ಕರೆದನಂತೆ. ದ್ಯಾಮಕ್ಕ ಯಾರೋ ಪೇಟೆಯವರು ಬಂದಿದ್ದಾರೆಂದು ಸೆರಗು ಹೊದ್ದು ಹೊರಗೆ ಬಂದಳು. ವ ಎಲ್ಲ ಮ ಆಗಿತ್ತು, ಮ ಎಲ್ಲ ಮೊದಲಿನ ಹಾಗೆ ವ. ತರಕಾರಿಯವಳು ಬಂದಾಗ ದ್ಯಾಮಕ್ಕ "ವಾಮಿನಕಾಯಿ ಹೆಂಗ ಕೊಟ್ಟಿ" ಎಂದು ಕೇಳಿದಳು. ಅವಳು ಮಾವಿನಕಾಯಿಯ ಬುಟ್ಟಿ ಹೊತ್ತುಕೊಂಡೇ, ಅಂಥಾದ್ದು ನಾನು ತಂದಿಲ್ಲ ಎಂದು ಹೋಗಿಬಿಟ್ಟಳು. ಹೂವು ಹೂಮಾಯಿತು. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹಬ್ಬದ ಎಡೆ ಇಡುವ ಹೊತ್ತಿಗೆ ಮಾತ್ರ ನಗು ನಿಂತಿತು.

ದ್ಯಾಮಕ್ಕ ಗಿರಣಿಯ ಬಾಗಿಲಿಗೆ ಬಂದು ನಿಂತಳು. ನಾನು ಗಾಲಿಯ ಪಟ್ಟಿ ಕಳಚಿ ಗಿರಣಿ ನಿಲ್ಲಿಸಿದೆ. ಅವಳ ಮುಖ ಸಣ್ಣಗಾಗಿತ್ತು.

"ತವ್ವಾ, ದೇಮರ ವುಂದ ಕುಂತು ಶಿಮ ಶಿಮ ಅನ್ನಾಕತ್ತೇನಿ. ಬಾಯಾಗ ಬರಮಲ್ದು. ಆ ಬಣ್ಣ ತಗೀರಿ. ಬಣ್ಣ ಅಷ್ಟ ತಗೀರಿ, ಸುಣ್ಣ ವುಟ್ಟಬ್ಯಾಡ್ರಿ."

ಸಂಘವೂ ಬಳಗವೂ ಸೇರಿ ಕಲ್ಲಹಿತ್ತಲಿಗೆ ಹೊರಟೆವು. ಎರಡೂ ಒಟ್ಟಿಗೆ ಒಂದೇ ಕಲ್ಲಿನ ಹತ್ತಿರ ನಿಂತದ್ದು ಅದೇ ಮೊದಲು. ರುದ್ರೇಶಿ ತಲೆ ತಗ್ಗಿಸಿಕೊಂಡು ನೀರು ಹೊತ್ತ. "ಹೆಂಗಸ್ರ ಹೆಸ್ರು ಅಂದ್ಮೇಲೆ ಅಮ್ಮ ಅಂತ್ಲೇ ಮುಗೀಬೇಕಲ್ವಾ ಸಾರ್ ಅಂದ್ಕೊಂಡೆ" ಎಂದ. "ನಿಮ್ಮ ಕಡೆ ಹಂಗ, ನಮ್ಮ ಕಡೆ ಹಿಂಗ, ಕೇಳಿದ್ರ ಹೇಳ್ತಿದ್ನೆಲ್ಲೋ" ಎಂದೆ. ಅದಕ್ಕಿಂತ ಹೆಚ್ಚಿಗೆ ಬೈಯಲು ಮನಸ್ಸಾಗಲಿಲ್ಲ. ಪಾಪ, ಅಕ್ಷರ ಮಾತ್ರ ಮುತ್ತಿನಂತೆ ಬರೆದಿದ್ದ.

ಕಡ್ಡಿ ಹಿಡಿದದ್ದು ಸುಗಲಾ. ದ್ಯಾಮಕ್ಕ ಪಕ್ಕದ ಚಪ್ಪಡಿಯ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದಳು. ಎಣ್ಣೆಬಣ್ಣ ಸುಣ್ಣವನ್ನು ಬಿಟ್ಟು ಬರುವುದಿಲ್ಲ. ಕೆಂಪಿನ ಒಂದೊಂದು ಚಕ್ಕೆಯ ಬೆನ್ನಿಗೆ ಬಿಳಿಯ ಒಂದೆರಡು ಪದರವೂ ಕಿತ್ತು ಬರುತ್ತಿತ್ತು. ಎರಡೂ ಬಾಲ ಹೋದವು. "ಶಿವ" ಎಂದು ದ್ಯಾಮಕ್ಕ ಮೆಲ್ಲಗೆ ಅಂದು ನೋಡಿದಳು, ಸರಿಯಾಗಿ ಬಂತು. ಸುಗಲಾ ಉಳಿದ ಅಕ್ಷರಗಳ ಬಣ್ಣ ಬಿಡಿಸುತ್ತ ಬಂದವಳು ಎರಡನೆಯ ಅಕ್ಷರದ ಹತ್ತಿರ ಥಟ್ಟನೆ ಕೈ ನಿಲ್ಲಿಸಿದಳು.

"ಇಲ್ಲಿಗೆ ಬಿಡ್ತೇನ್ರಿ" ಎಂದಳು.

"ಯಾಕ?" ಎಂದೆ.

"ನೀಲಿ ಐತ್ರಿ."

ಬಿಳಿಯ ಪದರದ ಕೆಳಗೆ ತೆಳುವಾದ ನೀಲಿ ಕಾಣುತ್ತಿತ್ತು. ದ್ಯಾಮಕ್ಕನ ಗಂಡ ಸುಣ್ಣ ಇನ್ನಷ್ಟು ಬೆಳ್ಳಗೆ ಕಾಣಲೆಂದು ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಬೆರೆಸುತ್ತಿದ್ದ. ಅವನು ಹೋದ ಮೇಲೆ ಬಳಿದದ್ದು ಬಸಲಿಂಗ, ಬರಿಯ ಬಿಳಿ. ಸುಗಲಾ ಬಲ್ಲಳು. ಆ ನೀಲಿಯ ಅಡಿಯಲ್ಲೇ, ಒಂದು ಜೋಳದ ಕಾಳಿನಷ್ಟು ಆಳದಲ್ಲಿ, ಅವಳಿಗೆ ಬೇಕಾದ ಬಾಲವಿತ್ತು. ಅವಳು ಕಡ್ಡಿಯನ್ನು ಬಕೆಟ್ಟಿನ ಅಂಚಿಗೆ ಇಟ್ಟು, ಕೈ ಒರೆಸಿಕೊಂಡು ಹಿಂದೆ ಸರಿದಳು.

ದ್ಯಾಮಕ್ಕ ಎದ್ದು ಬಂದಳು. ನೀಲಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಯಾರಿಗೆಂದಿಲ್ಲದೆ ಹೇಳಿದಳು.

"ನವ್ವತ್ತಿ ನನ್ನ ಹೊಸ್ತಿಲದಾಗ ನಿಂದ್ರಿಸಿ ಆ ವಾತು ಅಂದಾಗ, ಇವ್ರು ಅತ್ತಿ ಹಿಂದ ನಿಂತು ನಗಾಕತ್ತಿದ್ರು. ಆವತ್ತ ನಾನು ವನಿಯಾಕಿ ಆದೆ. ರಾತ್ರಿಗೇ ಒಲಿ ವುಂದ ಕುಂದರಿಸಿದ್ರು." ಅವಳು ಸುಗಲಾಳ ಕಡೆ ತಿರುಗಿದಳು. "ನಿವಗ ನಾನು ಇಷ್ಟ ವರ್ಷ ತುಪ್ಪ ಬಡಿಸಿದೆ. ಆ ವಾತು ಬಡಸಲಿಲ್ಲ. ಕಡ್ಡಿ ಕೊಡ್ರಿ ಇಲ್ಲೆ."

ಅವಳು ಎಲೆಯಡಿಕೆಯ ಚೀಲದಿಂದ ಸುಣ್ಣದ ಪುಟ್ಟ ಡಬ್ಬಿ ತೆಗೆದು, ಒಳಗಿದ್ದದ್ದನ್ನು ಎಲೆಯೊಂದಕ್ಕೆ ಬಳಿದು ಖಾಲಿ ಮಾಡಿ, ಸುಗಲಾಳ ಕೈಗೆ ಕೊಟ್ಟಳು. ಕಲ್ಲಿಗೆ ಹಣೆ ಮುಟ್ಟಿಸಿದಳು. ಆಮೇಲೆ ತಾನೇ ಕೆದರತೊಡಗಿದಳು. ಉದುರಿದ ಒಂದೊಂದು ನೀಲಿ ಚಕ್ಕೆಯನ್ನೂ ಸುಗಲಾ ಡಬ್ಬಿಯಲ್ಲಿ ಹಿಡಿದಳು. ಕೆದರುತ್ತ ಕೆದರುತ್ತ ದ್ಯಾಮಕ್ಕ ಗಂಡನ ಹತ್ತಿರ ಮಾತಾಡುತ್ತಿದ್ದಳು, ಪಕ್ಕದಲ್ಲೇ ಕೂತವನ ಹತ್ತಿರ ಮಾತಾಡಿದ ಹಾಗೆ.

"ತಪ್ಪ ತಿಳೀಬ್ಯಾಡ್ರಿ. ನಿವ್ವ ಕೈ ನಾನು ಅಳಸಾಕತ್ತಿಲ್ಲ, ಸ್ವಲ್ಪ ಜರುಗಸಾಕತ್ತೇನಿ. ಡಬ್ಬ್ಯಾಗ ಹಾಕಿ ನನ್ನ ಹತ್ತರನ ಇಟ್ಕೋತೇನಿ. ನಿವ್ವ ಸೊಸಿಗೆ ಜಾಗ ಬೇಕಾಗೇತಿ. ಅಕಿ ಕೇಳೂದಿಲ್ಲ, ನೀವು ಕೊಡಬೇಕು. ನಿವ್ವ ಸೊಸಿ ಒಳ್ಳೇಕಿ ಅದಾಳ. ನಿಮ್ಮ ಸೊಸಿ..."

ಅವಳು ನಿಲ್ಲಿಸಿದಳು. ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ವ ಅನ್ನಲು ತುಟಿ ಕೂಡಬೇಕಿಲ್ಲ, ಮ ಅನ್ನಲು ಕೂಡಲೇಬೇಕು. ದ್ಯಾಮಕ್ಕನ ತುಟಿಗಳು ಒಂದಕ್ಕೊಂದು ತಾಗಿ ಅಲ್ಲೇ ನಿಂತಿದ್ದವು. ಕಲ್ಲಿನ ಮೇಲೆ, ಹಸಿಯಾಗಿ, ಪುಟ್ಟದಾಗಿ, ಬಾಲ ಎದ್ದಿತ್ತು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು. ಸುಗಲಾಳ ರಟ್ಟೆ ಹಿಡಿದು ಮನೆಯ ಕಡೆ ನಡೆದಳು. ಸಂಘ, ಬಳಗ, ಬಕೆಟ್ಟು ಎಲ್ಲ ಹಿಂದೆ ಹೊರಟೆವು. ದಾರಿಯಲ್ಲಿ ಸಿಕ್ಕವರೆಲ್ಲ ಏನಾಯಿತು ಎಂದು ಕೇಳಿದರು. ಮೂಲೆಮನೆ ಶೆಟ್ಟರು ಮಾಳಿಗೆಯಿಂದ ಬಾಗಿ, "ದ್ಯಾಮಕ್ಕಾ, ಬಂತೇನ?" ಎಂದರು. ಅವಳು ಯಾರಿಗೂ ಬಾಯಿಬಿಡಲಿಲ್ಲ. ಸಿಕ್ಕ ಮ ದಾರಿಯಲ್ಲಿ ಖರ್ಚಾಗಿ ಹೋದೀತೆಂಬ ಭಯ ಅವಳಿಗೆ. ಅಕ್ಷರ ಹಾಗೆ ಖರ್ಚಾಗುವುದಿಲ್ಲ ಎಂದು ಹೇಳಬೇಕೆಂದುಕೊಂಡೆ, ಆದರೆ ನಾನೂ ಸುಮ್ಮನೆ ಬಾಯಿ ಮುಚ್ಚಿಕೊಂಡೇ ನಡೆದೆ.

ಮನೆಯ ಮುಂದೆ ಸುಗಲಾಳನ್ನು ಅಂಗಳದಲ್ಲೇ ನಿಲ್ಲಿಸಿ, ತಾನು ಕಾಲು ತೊಳೆದುಕೊಂಡು ಒಳಗೆ ಹೋದಳು. ಹೊಸ್ತಿಲ ಒಳಗೆ ನಿಂತು ತಿರುಗಿದಳು. ಬಸಲಿಂಗ ಅವಳ ಹಿಂದೆ ಬಂದು ನಿಂತ. ದ್ಯಾಮಕ್ಕ ಸೆರಗು ಬಾಯಿಂದ ಸರಿಸಿದಳು.

"ಇದು ನಮ್ಮ ಮನಿ. ಒಳಗ ಬಾ."

ಸುಗಲಾ ದಾಟಿದಳು. ಬಾಗಿಲ ಹತ್ತಿರವಿದ್ದ ನನಗೆ ಒಳಗಿನದೆಲ್ಲ ಕಾಣುತ್ತಿತ್ತು. ಅವಳು ರೂಢಿಯಂತೆ ಹೋಗಿ ತನ್ನ ಚಾಪೆಯ ಮೇಲೆ ಕೂರಲು ಬಾಗಿದಳು. ಅಷ್ಟರಲ್ಲಿ ದ್ಯಾಮಕ್ಕ ಆ ಚಾಪೆಯನ್ನು ಎಳೆದು ಸುತ್ತಿ ಮೂಲೆಗೆ ನಿಲ್ಲಿಸಿಬಿಟ್ಟಳು.

"ಹಬ್ಬದ ಮುಸುರಿ ಮುಂಜಾನಿಂದ ಅಲ್ಲೇ ಬಿದ್ದೈತಿ" ಎಂದಳು, ಒಂದೊಂದು ಮವನ್ನೂ ಅಗಿದು ಅಗಿದು. "ತಿಕ್ಕು ಹೋಗು, ಮಗಳ."

ಸುಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಕಡೆ ಓಡಿದಳು. ನಾವೆಲ್ಲ ಸೆರಗಿನಿಂದ, ಟವೆಲ್ಲಿನಿಂದ, ರುದ್ರೇಶಿ ಬಣ್ಣದ ಬಟ್ಟೆಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಪಾತ್ರೆಗಳು ಒಂದರ ಮೇಲೊಂದು ಬಿದ್ದ ಸದ್ದಾಯಿತು, ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಹಿತ್ತಲ ಬಾಗಿಲಿಂದ ಸುಗಲಾ ತಲೆ ಹಾಕಿದಳು. ಒಂದು ಕೈಯಲ್ಲಿ ಕರಿ ಹಿಡಿದ ಪಾತ್ರೆ, ಇನ್ನೊಂದರಲ್ಲಿ ತೆಂಗಿನ ನಾರು.

"ಅತ್ತಿ," ಎಂದಳು, "ನಮ್ಮ ಮನ್ಯಾಗ ಬೂದಿ ಎಲ್ಲಿ ಇಡ್ತೇವ್ರಿ?"